ಎರಡು ಸಲ ಬರುವ ಗಂಟೆ

ತೋರ್ಸ್‌ಹಾವ್ನ್ ಬಂದರಿನ ಮೇಲ್ಮಹಡಿ. ಫೆರಿ ಕಂಪನಿಯ
ಟಿಕೆಟ್ ವಿಭಾಗ. ಮಂಜು ಕಿಟಕಿಗೆ ಮೂಗೊತ್ತಿ ನಿಂತಿದೆ.
ನಮಗೆ ಬೇಕಾದದ್ದು ಒಬ್ಬ ಡೆವಲಪರ್,
ಬಂದವರು ಏಳು ಮಂದಿ.
ನನ್ನ ಮುಂದೊಂದು ಫಾರಂ: ಒಂದರಿಂದ ಐದರ ತನಕ
ಸುತ್ತು ಹಾಕಬೇಕು, ಚುರುಕಿಗಿಷ್ಟು, ಮಾತಿಗಿಷ್ಟು,
ಹೊಂದಿಕೊಂಡು ಹೋಗುವುದಕ್ಕಿಷ್ಟು.

ಹೈನಿ ಬಂದ. ಬಿಳಿ ಹಲಗೆಯ ಮೇಲೆ ಲೆಕ್ಕದ ಮರವನ್ನು
ತಲೆಕೆಳಗು ಮಾಡಿದ, ಹನ್ನೊಂದೇ ಸಾಲಿನಲ್ಲಿ.
(ಈ ದ್ವೀಪಗಳಲ್ಲಿ ನಿಜವಾದ ಮರ ಕಾಣಬೇಕೆಂದರೆ
ಹುಡುಕಿಕೊಂಡು ಹೋಗಬೇಕು, ಅದು ಬೇರೆ ಮಾತು.)
ತ್ರೊಂದುರ್ ಐದಕ್ಕೆ ಐದು ಸುತ್ತಿದ.
"ನಿನಗೆ ಗೊತ್ತಿಲ್ಲದ್ದು ಏನಾದರೂ ಇದೆಯೇ?" ಎಂದೆ ನಾನು.
ಯೋಚಿಸಿದ, ಪ್ರಾಮಾಣಿಕವಾಗಿಯೇ ಯೋಚಿಸಿದ,
"ಸದ್ಯಕ್ಕೆ ಹೊಳೆಯುತ್ತಿಲ್ಲ" ಎಂದ.

ಇನ್ನೊಬ್ಬರು ಎಲ್ಲ ಕೆಡವಿ ಹೊಸದಾಗಿ ಕಟ್ಟೋಣ ಎಂದರು.
ಕೆಡವುವುದು ಏನನ್ನು ಎಂದು ಕೇಳಲಿಲ್ಲ.

ಮಧ್ಯಾಹ್ನದ ಮೇಲೆ ಸುನ್ವಾ.
ಒದ್ದೆ ಜಾಕೆಟ್ಟು ಮಡಿಲಲ್ಲಿಟ್ಟುಕೊಂಡೇ ಕೂತಳು.
ಮರದಲ್ಲಿ ಅರ್ಧಕ್ಕೆ ಸಿಕ್ಕಿಬಿದ್ದಳು,
"ಪುಸ್ತಕ ನೋಡದೆ ಬರುವುದಿಲ್ಲ" ಎಂದಳು.
ಸರಿ, ಇದನ್ನು ಓದು, ಎಂದು
ನಮ್ಮ ವೇಳಾಪಟ್ಟಿಯ ಹಳೇ ಕೋಡ್ ಮುಂದಿಟ್ಟೆ.

ಓದಿದಳು. ಕಾಫಿ ಆರಿತು.
ಮೊರದಲ್ಲಿ ಕಲ್ಲು ಆರಿಸುವವರ ಹಾಗೆ
ಬೆರಳು ಪರದೆಯ ಮೇಲೆ ಸರಿಯುತ್ತಿತ್ತು.
ತ್ರೊಂದುರ್ ಗಡಿಯಾರ ನೋಡಿದ, ನನ್ನನ್ನು ನೋಡಿದ.
ಇನ್ನೂರ ಹನ್ನೆರಡನೇ ಸಾಲಿಗೆ ಬಂದವಳು ಕಿಸಕ್ಕೆಂದಳು.
ಅಲ್ಲೊಂದು ಟಿಪ್ಪಣಿ:
"ಇದು ತಾತ್ಕಾಲಿಕ. ಸೋಮವಾರ ಸರಿ ಮಾಡುತ್ತೇನೆ."
ಒಂಬತ್ತು ವರ್ಷದ ಹಿಂದಿನ ಸೋಮವಾರ.

"ಯಾರು ಬರೆದದ್ದು?"
"ಒಬ್ಬ ಇದ್ದ," ಎಂದೆ. "ಬಿಟ್ಟುಹೋದ."
ಎಷ್ಟು ಸಲೀಸಾಗಿ ಬಂತು ಸುಳ್ಳು,
ವರ್ಷಗಳಿಂದ ಬಾಯಲ್ಲೇ ಕಾದಿದ್ದಂತೆ.

"ತೆಗೆದುಹಾಕುತ್ತೀಯಾ?" ಎಂದ ತ್ರೊಂದುರ್.
"ಯಾಕಿಟ್ಟರೋ ತಿಳಿಯುವ ತನಕ ಮುಟ್ಟುವುದಿಲ್ಲ.
ಆವತ್ತು ಏನಾಗಿತ್ತು?"

ಅಕ್ಟೋಬರಿನ ಕೊನೆಯ ಭಾನುವಾರ,
ಗಡಿಯಾರವನ್ನು ಹಿಂದೆ ತಿರುಗಿಸುವ ರಾತ್ರಿ.
ಒಂದರಿಂದ ಎರಡರ ನಡುವಿನ ಗಂಟೆ ಎರಡು ಸಲ ಬಂತು,
ಒಂದೂವರೆಯ ಸರಕು ಹಡಗಿನ ಜಾಗವನ್ನು
ನಮ್ಮ ಯಂತ್ರ ಎರಡು ಸಲ ಮಾರಿತು.
ಹಡಗು ಮಾತ್ರ ಒಂದೇ.
ಕಟ್ಟೆಯ ಮೇಲೆ ಸಾಲ್ಮನ್ ಪೆಟ್ಟಿಗೆಗಳು, ಕರಗುವ ಐಸು,
ಯೆಗ್ವಾನ್ ಎಂಬ ಲಾರಿ ಚಾಲಕ ಫೋನಿನಲ್ಲಿ
ಬಾಯಿಗೆ ಬಂದ ಬೈಗುಳವೆಲ್ಲ ಮುಗಿಸಿ
ಕೊನೆಗೆ ಅತ್ತುಬಿಟ್ಟಿದ್ದ.
ಅದನ್ನೆಲ್ಲ ಹೇಳಿದೆ, ಇನ್ಯಾರಿಗೋ ಆದದ್ದೆಂಬಂತೆ.

ಅವಳು ಕೇಳಿದ್ದು: "ಆಮೇಲೆ ಮೀನು ಏನಾಯಿತು?"
ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ನನಗೂ ಗೊತ್ತಿರಲಿಲ್ಲ.

ಇದಕ್ಕೆ ಫಾರಂನಲ್ಲಿ ಜಾಗವಿಲ್ಲ.
ತ್ರೊಂದುರ್ ಬರೆದ: ನಿಧಾನ. ಎರಡು.
ನಾನು ವಾದಿಸಿದೆ; ಗಟ್ಟಿಯಾಗಿ ಅಲ್ಲ.
ಗಟ್ಟಿಯಾಗಿ ವಾದಿಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಹೈನಿಗೆ ಕೆಲಸ ಕೊಟ್ಟೆವು. ಒಳ್ಳೆಯ ಹುಡುಗ.
ಜನವರಿಯಲ್ಲಿ ಕೋಪನ್‌ಹೇಗನ್ ಕರೆಯಿತು, ಹೋದ.
ಆಮೇಲೆ ಮುಖವಿಲ್ಲದ ಮುಖ ಹೊತ್ತು ಸುನ್ವಾಗೆ ಫೋನ್ ಮಾಡಿದೆ.
"ಬರುತ್ತೇನೆ" ಎಂದಳು. ಅಷ್ಟೇ.

ಎರಡು ತಿಂಗಳು ಒಂದಕ್ಷರ ಬರೆಯಲಿಲ್ಲ.
ಟಿಕೆಟ್ ಕೌಂಟರಿನ ಹಿಂದೆ ಕೂತಳು,
ಕಟ್ಟೆಯಲ್ಲಿ ಹಗ್ಗ ಬಿಚ್ಚುವವರ ಜೊತೆ ನಿಂತಳು,
ಯೆಗ್ವಾನ್‌ನನ್ನು ಹುಡುಕಿಕೊಂಡು ಹೋದಳೆಂದು ಕೇಳಿದೆ.
ಆಮೇಲೆ ಅಳಿಸತೊಡಗಿದಳು. ನೂರು ಸಾಲು, ನಾನೂರು ಸಾಲು.
ಏನೂ ಬೀಳಲಿಲ್ಲ.
ಕಟ್ಟಡ ಅಂದುಕೊಂಡದ್ದು ಬಹುಪಾಲು ಊರುಗೋಲಾಗಿತ್ತು.

ಮತ್ತೆ ಅಕ್ಟೋಬರ್. ಆ ರಾತ್ರಿ ನಾನು ಮಲಗಲಿಲ್ಲ,
ಎಂದಿನಂತೆ ಫೋನನ್ನು ಎದೆಯ ಮೇಲಿಟ್ಟುಕೊಂಡು.
ಒಂದು ಗಂಟೆಯಾಯಿತು. ಮತ್ತೆ ಒಂದು ಗಂಟೆಯಾಯಿತು.
ಯಾರೂ ಕರೆಯಲಿಲ್ಲ.

ಮರುದಿನ ಬಿಟ್ಟು ಆಫೀಸಿನಲ್ಲಿ ಆ ಕಡತ ತೆರೆದೆ.
ನನ್ನ ತೇಪೆ ಇಲ್ಲ. ಟಿಪ್ಪಣಿ ಮಾತ್ರ ಹಾಗೇ ಉಳಿದಿದೆ,
ಅದರ ಕೆಳಗೆ ಅವಳದೊಂದು:
"ಸೋಮವಾರ ಬಂತು. ಮೀನು ಬೆಳಗಾಗುವುದರೊಳಗೆ
ಊರಿಗೆಲ್ಲ ಹಂಚಿದರಂತೆ.
ಬಿಟ್ಟುಹೋದವರು ಇನ್ನು ನಿದ್ದೆ ಮಾಡಬಹುದು."